ಆಂಗ್ಲ ನಾಡಿನ ವಾಕ್ಸಂಘಗಳೂ ಅವುಗಳ ಊರಶಾಖೆಗಳೂ

ಇಂಗ್ಲೆಂಡು ಮತ್ತು ವೇಲ್ಸ್ ನಾಡುಗಳ ಅನೇಕ ಊರುಗಳಲ್ಲಿ, ಶಾಲೆಯ ವರ್ಷವು ನಡುವಿಗೆ ಬರುವ ತಿಂಗಳುಗಳಲ್ಲಿ, ಒಂದು ಸಣ್ಣ ಸಭೆ ಸೇರುವ ವಾಡಿಕೆಯುಂಟು. ಸ್ಥಳವು ಯಾವುದೋ ಶಾಲೆಯ ಸಭಾಂಗಣ, ಇಲ್ಲವೆ ಊರಿನ ಸಾರ್ವಜನಿಕ ಕೊಠಡಿ. ನೆರೆಹೊರೆಯ ಶಾಲೆಗಳಿಂದ ಮೂವರು ಮೂವರಂತೆ ಬಾಲಕ ಬಾಲಿಕೆಯರು ಬಂದಿರುತ್ತಾರೆ. ಅವರ ತಂದೆತಾಯಿಗಳು, ಉಪಾಧ್ಯಾಯರು, ಸಭೆಯನ್ನು ಕರೆದ ಸಂಘದ ಕೆಲವು ಹಿರಿಯ ಸದಸ್ಯರು, ಇವರೇ ಸಭಿಕರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಮಾತಾಡುತ್ತಾರೆ, ಪ್ರಶ್ನೆಗಳನ್ನು ಎದುರಿಸುತ್ತಾರೆ, ಕುಳಿತುಕೊಳ್ಳುತ್ತಾರೆ. ತೀರ್ಪುಗಾರರು ಪಕ್ಕದ ಕೊಠಡಿಗೆ ಹೋಗಿ ಬರುವವರೆಗೆ ಚಹವೂ ಮಾತುಕತೆಯೂ ನಡೆಯುತ್ತವೆ. ಇದಕ್ಕಿಂತ ನಿರುಪದ್ರವವಾದ ಕೂಟವೊಂದನ್ನು ಊಹಿಸುವುದು ಕಷ್ಟ. ಆದರೆ ಜನರು ಹಣ ಕೊಟ್ಟು ಒಳಬಂದು, ಗೊತ್ತಾದ ವಿಷಯದ ಮೇಲೆ ಎದ್ದು ಮಾತಾಡುವ ಸಭೆಗಳನ್ನು ಇದೇ ನಾಡಿನ ಸರಕಾರವು ಒಂದು ಕಾಲದಲ್ಲಿ ಶಾಸನದ ಬಲದಿಂದ ಮುಚ್ಚಿಸಿತ್ತೆಂಬುದನ್ನು ನೆನೆದರೆ, ಈ ಮಕ್ಕಳ ಸಭೆಯ ಹಿಂದೆ ಎಷ್ಟು ಕಾಲದ ಹೋರಾಟವು ಅಡಗಿದೆಯೆಂಬುದು ಮನದಟ್ಟಾಗದಿರದು.

ಸಭೆಯನ್ನು ಕರೆದಿರುವುದು ‘ಇಂಗ್ಲಿಷ್ ಸ್ಪೀಕಿಂಗ್ ಯೂನಿಯನ್’ ಎಂಬ ಸಂಘದ ಸ್ಥಳೀಯ ಶಾಖೆ. ಇದು ಚಂದಾ ಕೊಟ್ಟು ಸೇರಿದ ಸದಸ್ಯರುಳ್ಳ ಧರ್ಮಾರ್ಥ ಸಂಸ್ಥೆ. ೧೯೧೮ರಲ್ಲಿ ಹುಟ್ಟಿ, ೧೯೫೭ರಲ್ಲಿ ರಾಜಮುದ್ರೆಯ ಸನದನ್ನು ಪಡೆಯಿತು. ಶಾಲೆಗಳ ಭಾಷಣಸ್ಪರ್ಧೆಯು ಇದರ ಆಶ್ರಯದಲ್ಲಿ ೧೯೬೦ರಿಂದ ನಡೆದುಬಂದಿದೆ. ಮೊದಲ ಸುತ್ತು ಊರಶಾಖೆಗಳಲ್ಲಿ, ಎರಡನೆಯದು ಪ್ರಾಂತಗಳಲ್ಲಿ, ಕೊನೆಯದು ಇಡಿಯ ನಾಡಿಗೆ ಸೇರಿ ಒಂದೇ ಕಡೆಯಲ್ಲಿ. ಸ್ಪರ್ಧಾಳುಗಳು ಸಾಮಾನ್ಯವಾಗಿ ಹದಿನಾಲ್ಕು ಹದಿನೈದರ ವಯಸ್ಸಿನವರು.

ಈ ಸ್ಪರ್ಧೆಯ ಕಟ್ಟಳೆಯೊಂದು ವಿಶೇಷವಾಗಿ ಗಮನಿಸತಕ್ಕುದಾಗಿದೆ. ಪ್ರತಿಯೊಂದು ತಂಡದಲ್ಲಿ ಭಾಷಣಕಾರ, ಅಧ್ಯಕ್ಷ, ಪ್ರಶ್ನಕಾರ ಎಂದು ಮೂವರಿರುತ್ತಾರೆ. ಆದರೆ ಆ ಮೂವರೂ ಒಟ್ಟಿಗೆ ವೇದಿಕೆಯನ್ನೇರುವುದಿಲ್ಲ. ಒಂದು ಶಾಲೆಯ ಭಾಷಣಕಾರನನ್ನು ಸಭೆಗೆ ಪರಿಚಯ ಮಾಡಿಕೊಡುವವನು ಮತ್ತೊಂದು ಶಾಲೆಯ ಅಧ್ಯಕ್ಷ. ಅವನನ್ನು ಪ್ರಶ್ನಿಸುವವನು ಆ ಮತ್ತೊಂದು ಶಾಲೆಯ ಪ್ರಶ್ನಕಾರ. ಭಾಷಣಕ್ಕೆ ಐದಾರು ನಿಮಿಷಗಳ ಅವಧಿ. ಬಳಿಕ ಪ್ರಶ್ನಕಾರನ ಸರದಿ. ಆಮೇಲೆ ಅಧ್ಯಕ್ಷನ ಅಪ್ಪಣೆ ಪಡೆದು ಸಭಿಕರ ಪ್ರಶ್ನೆಗಳು. ಕೊನೆಯಲ್ಲಿ ಅಧ್ಯಕ್ಷನು ನಡೆದುದನ್ನೆಲ್ಲ ಎರಡು ಮಾತಿನಲ್ಲಿ ಹೇಳಿ ಸಭೆಯನ್ನು ಮುಗಿಸುತ್ತಾನೆ. ಹೀಗಾಗಿ ಎದುರಾಳಿಯ ಮಾತು ಚೆನ್ನಾಗಿ ಬರುವಂತೆ ನೋಡಿಕೊಳ್ಳುವುದೇ ಈ ಇಬ್ಬರ ಕರ್ತವ್ಯವಾಗುತ್ತದೆ. ಪ್ರಶ್ನಕಾರನು ಭಾಷಣಕಾರನನ್ನು ಹೊಡೆದು ಕೆಡವಲು ಹೊರಟರೆ ಕೆಡುವುದು ಅವನ ತಂಡದ ಅಂಕಗಳೇ. ಭಾಷಣದೊಳಗೆ ಹೇಳದೆ ಉಳಿದುದನ್ನು ಹೊರಕ್ಕೆ ಎಳೆದು ತೆಗೆಯಬಲ್ಲವನೇ ಜಾಣ. ತೀರ್ಪುಗಾರರು ನೋಡುವ ನಾಲ್ಕು ಗುಣಗಳಲ್ಲಿ ಉಚ್ಚಾರ ಹಾವಭಾವಗಳು ಒಂದು, ವಿಷಯವನ್ನು ಜೋಡಿಸಿದ ಕ್ರಮವೊಂದು, ಯುಕ್ತಿ ಪ್ರಮಾಣಗಳು ಒಂದು. ನಾಲ್ಕನೆಯದು, ಇನ್ನೊಬ್ಬರು ಹೇಳಿದುದನ್ನು ಕೇಳಿ ಅದಕ್ಕೆ ತಕ್ಕಂತೆ ಉತ್ತರವೀಯುವ ಶಕ್ತಿ. ಕನ್ನಡ ನಾಡಿನ ಶಾಲೆಗಳಲ್ಲಿಯೂ ಚರ್ಚಾಸ್ಪರ್ಧೆಗಳು ಬಹುಕಾಲದಿಂದ ನಡೆದುಬಂದಿವೆ. ಅಲ್ಲಿ ಪರ ಮತ್ತು ವಿರೋಧಗಳೆರಡನ್ನೂ ಉಪಾಧ್ಯಾಯರು ಬರೆದುಕೊಟ್ಟು, ಮಕ್ಕಳು ಬಾಯಿಪಾಠ ಮಾಡಿ ಗಂಟೆ ಬಾರಿಸುವುದರೊಳಗೆ ಒಪ್ಪಿಸಿ ಇಳಿದುಬರುವುದನ್ನು ಕಂಡವರಿಗೆ ಈ ನಾಲ್ಕನೆಯ ಗುಣಕ್ಕೆ ಅಂಕಗಳನ್ನು ಇಟ್ಟಿರುವುದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇಂಥ ಕಟ್ಟಳೆಗಳು ಒಬ್ಬರ ತಲೆಯಲ್ಲಿ ಒಂದು ದಿನ ಹೊಳೆದುವಲ್ಲ. ಮಾತನ್ನು ಅಳೆದು, ಕಾಲವನ್ನು ಕಟ್ಟಿ, ಎಲ್ಲರಿಗೂ ಸರದಿಯನ್ನು ಹಂಚುವ ಪದ್ಧತಿಯು ಆ ನಾಡಿನಲ್ಲಿ ಹುಟ್ಟಿದುದು ವಿದ್ಯಾಲಯಗಳಲ್ಲಿ ಅಲ್ಲ, ಪಾನಗೃಹಗಳಲ್ಲಿ. ಹದಿನೆಂಟನೆಯ ಶತಮಾನದ ನಡುವೆ ಲಂಡನ್ ಪಟ್ಟಣದ ಟೆಂಪಲ್ ಬಾರಿನ ಸಮೀಪದಲ್ಲಿ ‘ರಾಬಿನ್ ಹುಡ್’ ಎಂಬ ಹೆಸರಿನ ಪಾನಗೃಹವೊಂದಿತ್ತು. ವಾರಕ್ಕೊಮ್ಮೆ ಸಂಜೆ ಅಲ್ಲಿ ಸೇರುತ್ತಿದ್ದ ಚರ್ಚಾಕೂಟದಲ್ಲಿ ಆರು ಪೆನ್ಸು ಕೊಟ್ಟವನಾರಾದರೂ ಒಳಗೆ ಹೋಗಬಹುದು, ಎದ್ದು ಮಾತಾಡಬಹುದು. ಆದರೆ ಒಬ್ಬೊಬ್ಬರಿಗೆ ಐದೇ ನಿಮಿಷ. ಅವಧಿ ಮುಗಿಯಿತೆಂದರೆ ಅಧ್ಯಕ್ಷನು ಸುತ್ತಿಗೆಯನ್ನು ಬಡಿಯುವನು. ವಕೀಲಿಯ ವಿದ್ಯಾರ್ಥಿಗಳು, ಗುಮಾಸ್ತೆಗಳು, ಚಮ್ಮಾರರು, ನೇಕಾರರು ಒಂದೇ ಕೊಠಡಿಯಲ್ಲಿ ಕುಳಿತು ಮತ, ರಾಜ್ಯ, ನೀತಿಗಳ ವಿಚಾರವಾಗಿ ವಾದಿಸುತ್ತಿದ್ದರು. ಆ ಕೂಟಕ್ಕೆ ಬಹುಕಾಲ ಅಧ್ಯಕ್ಷನಾಗಿದ್ದ ಕೇಲೆಬ್ ಜೀಕಾಕ್ ಎಂಬವನು ವೃತ್ತಿಯಿಂದ ರೊಟ್ಟಿ ಸುಡುವವನು. ಮುಂದೆ ಪಾರ್ಲಿಮೆಂಟಿನಲ್ಲಿ ಜಗದ್ವಿಖ್ಯಾತ ವಾಗ್ಮಿಯೆನಿಸಿದ ಎಡ್ಮಂಡ್ ಬರ್ಕನು ತಾರುಣ್ಯದಲ್ಲಿ ಇಲ್ಲಿ ಮಾತಾಡಿ ಪಳಗಿದವನೆಂಬುದನ್ನು ನೆನೆದರೆ, ಆ ರೊಟ್ಟಿಯವನ ಸುತ್ತಿಗೆಗೆ ಇತಿಹಾಸದಲ್ಲಿ ಸಲ್ಲತಕ್ಕ ಸ್ಥಾನವು ಸಣ್ಣದಲ್ಲ. ೧೭೫೫ರಲ್ಲಿ ಡೇನಿಯಲ್ ಮೇಸನ್ ಎಂಬವನು ಫ್ಲೀಟ್ ಬೀದಿಯ ಬಳಿಯ ಮತ್ತೊಂದು ಪಾನಗೃಹದಲ್ಲಿ ‘ಕೋಗರ್ಸ್’ ಎಂಬ ಚರ್ಚಾಸಂಘವನ್ನು ಸ್ಥಾಪಿಸಿದನು; ಅದರ ಹೆಸರು ‘ಆಲೋಚಿಸುವವರು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದು.

೧೭೮೦ರ ಹೊತ್ತಿಗೆ ಈ ಚಟವು ಲಂಡನ್ನಿನಲ್ಲೆಲ್ಲ ಹಬ್ಬಿತು. ಆ ಒಂದೇ ವರ್ಷದಲ್ಲಿ ಮೂವತ್ತಕ್ಕಿಂತ ಹೆಚ್ಚು ಹೆಸರಿನ ಕೂಟಗಳು ಪತ್ರಿಕೆಗಳಲ್ಲಿ ತಮ್ಮ ಚರ್ಚೆಗಳನ್ನು ಜಾಹೀರು ಮಾಡಿದುವು. ಅವುಗಳಲ್ಲಿ ‘ಲಾ ಬೆಲ್ ಅಸಾಂಬ್ಲೆ’ ಎಂಬುದರ ವೇದಿಕೆಯ ಮೇಲೆ ಮಾತಾಡುವ ಹಕ್ಕು ಹೆಂಗಸರಿಗೆ ಮಾತ್ರ. ಮತದಾನದ ಹಕ್ಕು ದೊರೆಯುವುದಕ್ಕೆ ನೂರಮೂವತ್ತಕ್ಕಿಂತ ಹೆಚ್ಚು ವರ್ಷಗಳ ಮೊದಲೇ ಅವರು ಸಾರ್ವಜನಿಕ ಸಭೆಯಲ್ಲಿ ನಿಂತು, ತಮ್ಮನ್ನು ಪಾರ್ಲಿಮೆಂಟಿನಿಂದ ಹೊರಗಿಟ್ಟಿರುವುದು ನ್ಯಾಯವೇ ಎಂಬಂತಹ ಪ್ರಶ್ನೆಗಳನ್ನು ಎತ್ತಿದ್ದರು.

ಫ್ರಾನ್ಸಿನ ಕ್ರಾಂತಿಯು ಎಲ್ಲವನ್ನೂ ಬದಲಿಸಿತು. ಪಾನಗೃಹದಲ್ಲಿ ಐದು ನಿಮಿಷ ಮಾತಾಡುವ ಚಮ್ಮಾರನು ಅಲ್ಲಿಯವರೆಗೆ ದೊಡ್ಡವರ ನಗೆಗೆ ವಿಷಯವಾಗಿದ್ದನು. ೧೭೯೨ರಿಂದೀಚೆಗೆ ಅವನು ಭಯಕ್ಕೆ ವಿಷಯವಾದನು. ೧೭೯೫ನೆಯ ಅಕ್ಟೋಬರ ೨೯ರಂದು ಪಾರ್ಲಿಮೆಂಟನ್ನು ತೆರೆಯಲು ಹೊರಟ ಮೂರನೆಯ ಜಾರ್ಜ್ ದೊರೆಯ ಸಾರೋಟಿನ ಮೇಲೆ ಹಸಿದ ಜನರ ಗುಂಪು ಕಲ್ಲೆಸೆಯಿತು. ಮಂತ್ರಿ ಪಿಟ್ಟನಿಗೆ ಇಷ್ಟು ನೆಪ ಸಾಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾರಿಗೆ ಬಂದ ಎರಡು ಶಾಸನಗಳಲ್ಲಿ ಒಂದರಂತೆ ಐವತ್ತಕ್ಕಿಂತ ಹೆಚ್ಚು ಜನರು ರಾಜ್ಯದ ವಿಷಯಗಳಿಗಾಗಿ ಸೇರಬೇಕಾದರೆ ಮ್ಯಾಜಿಸ್ಟ್ರೇಟನಿಗೆ ಮೊದಲೇ ತಿಳಿಸಬೇಕು. ಹಣ ತೆಗೆದುಕೊಂಡು ಉಪನ್ಯಾಸ ಚರ್ಚೆಗಳನ್ನು ನಡಸುವ ಕೊಠಡಿಗೆ ಪರವಾನಗಿ ಬೇಕು. ಅದಿಲ್ಲದಿದ್ದರೆ ಕೊಠಡಿಯು ಅಸಭ್ಯ ಗೃಹವೆಂದು ಎಣಿಸಲ್ಪಟ್ಟು ಭಾರಿಯಾದ ದಂಡ. ಸೂಳೆಗೇರಿಯ ಮನೆಗೂ ಚರ್ಚೆಯ ಮನೆಗೂ ಶಾಸನವು ಒಂದೇ ಹೆಸರನ್ನು ಕೊಟ್ಟಿತು.

ಈ ಶಾಸನದ ಗುರಿಯಾದವರಲ್ಲಿ ಜಾನ್ ಥೆಲ್ವಾಲ್ ಎಂಬ ಭಾಷಣಕಾರನ ಕಥೆಯನ್ನು ಇಲ್ಲಿ ತುಸು ವಿಸ್ತರಿಸುವುದು ತಪ್ಪಾಗಲಾರದು. ಲಂಡನ್ನಿನ ಚರ್ಚಾಕೂಟಗಳಲ್ಲಿಯೇ ಬೆಳೆದ ಇವನನ್ನು ೧೭೯೪ರಲ್ಲಿ ರಾಜದ್ರೋಹದ ಆಪಾದನೆಯ ಮೇಲೆ ಸೆರೆಹಿಡಿದು ಗೋಪುರದಲ್ಲಿಯೂ ಬಳಿಕ ನ್ಯೂಗೇಟ್ ಸೆರೆಮನೆಯಲ್ಲಿಯೂ ಇರಿಸಿದರು. ತೀರ್ಪು ಮರಣದಂಡನೆಯಾಗಬಹುದಾಗಿತ್ತು, ಪಂಚರು ಡಿಸೆಂಬರಿನಲ್ಲಿ ನಿರ್ದೋಷಿಯೆಂದು ಬಿಟ್ಟರು. ಹೊರಗೆ ಬಂದವನು ಮತ್ತೆ ಮಾತಾಡತೊಡಗಿದನು. ೧೭೯೫ರ ಶಾಸನವು ರಾಜ್ಯದ ವಿಷಯವಾಗಿ ಮಾತಾಡಬಾರದೆಂದಿತು. ಅವನು ರೋಮನ್ನರ ಇತಿಹಾಸದ ಮೇಲೆ ಉಪನ್ಯಾಸಗಳನ್ನು ಕೊಡತೊಡಗಿದನು, ಕೇಳುವವರು ರೋಮೆಂದರೆ ಲಂಡನ್ನೆಂದು ತಿಳಿದುಕೊಂಡರು. ೧೭೯೬ರಲ್ಲಿ ಯಾರ್ಮತ್ ಎಂಬ ರೇವುಪಟ್ಟಣದಲ್ಲಿ ನಾವಿಕರ ಗುಂಪು ದೊಣ್ಣೆಗಳೊಡನೆ ಸಭೆಗೆ ನುಗ್ಗಿತು. ಕಡೆಗೆ ಬೇಸತ್ತು ವೇಲ್ಸಿನ ಒಂದು ಹಳ್ಳಿಯಲ್ಲಿ ಬೇಸಾಯ ಮಾಡಿದನು, ಅದೂ ಕೈಹತ್ತಲಿಲ್ಲ. ಆ ಬಳಿಕ ಅವನು ಹಿಡಿದ ವೃತ್ತಿ ಸೋಜಿಗವಾದುದು. ಉಗ್ಗುವವರಿಗೂ ತೊದಲುವವರಿಗೂ ಮಾತನ್ನು ಕಲಿಸುವ ಶಾಲೆಯನ್ನು ಲಂಡನ್ನಿನಲ್ಲಿ ತೆರೆದು, ಆ ವಿದ್ಯೆಯಲ್ಲಿ ಆದ್ಯರಲ್ಲಿ ಒಬ್ಬನೆನಿಸಿದನು. ಮಾತಾಡಬೇಡವೆಂದು ರಾಜ್ಯವು ಬಾಯಿ ಕಟ್ಟಿದವನು ಮಾತು ಬಾರದವರ ಬಾಯಿ ಬಿಡಿಸುವುದರಲ್ಲಿ ಮಿಕ್ಕ ಆಯುಷ್ಯವನ್ನು ಕಳೆದನು.

ವಿಶ್ವವಿದ್ಯಾಲಯಗಳಿಗೂ ಈ ಭಯವು ತಟ್ಟದೆ ಹೋಗಲಿಲ್ಲ. ೧೮೧೫ರಲ್ಲಿ ಹುಟ್ಟಿದ ಕೇಂಬ್ರಿಜ್ ಯೂನಿಯನ್ನನ್ನು ಎರಡೇ ವರ್ಷಗಳಲ್ಲಿ ವಿಶ್ವವಿದ್ಯಾಲಯದ ಅಧಿಕಾರಿಗಳು ನಿಲ್ಲಿಸಿದರು. ೧೮೨೧ರಲ್ಲಿ ಮತ್ತೆ ತೆರೆಯಗೊಟ್ಟಾಗ ವರ್ತಮಾನದ ರಾಜಕೀಯವನ್ನು ಎತ್ತಬಾರದೆಂಬ ಕರಾರು ಇತ್ತು. ಆಕ್ಸ್‌ಫರ್ಡಿನ ಯೂನಿಯನ್ನು ೧೮೨೩ರಲ್ಲಿ ಹುಟ್ಟಿತು. ಇವೆರಡರ ಕೀರ್ತಿಯು ಜಗತ್ತಿಗೆಲ್ಲ ತಿಳಿದುದಾದುದರಿಂದ ಇಲ್ಲಿ ಬೆಳಸುವ ಅಗತ್ಯವಿಲ್ಲ. ಮಂತ್ರಿಪದವಿಗೆ ಹುಟ್ಟಿದವರು ಅಲ್ಲಿ ಅಭ್ಯಾಸ ಮಾಡಿದರೆಂಬುದಕ್ಕಿಂತ, ಅಂಥ ಮನೆತನದವರಲ್ಲದವರು ಎಲ್ಲಿ ಅಭ್ಯಾಸ ಮಾಡಿದರೆಂಬುದೇ ಹೆಚ್ಚು ಕುತೂಹಲದ ಪ್ರಶ್ನೆ.

ಅವರು ಅಭ್ಯಾಸ ಮಾಡಿದುದು ಊರಕೂಟಗಳಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡು ಸ್ಕಾಟ್ಲೆಂಡುಗಳ ಕೈಗಾರಿಕೆಯ ಪಟ್ಟಣಗಳಲ್ಲಿ ಕೂಲಿಕಾರರು ತಮ್ಮ ತಮ್ಮೊಳಗೇ ಚಂದಾ ಕೂಡಿಸಿ ಪರಸ್ಪರ ವಿದ್ಯಾಭಿವೃದ್ಧಿಯ ಸಂಘಗಳನ್ನು ಕಟ್ಟಿಕೊಂಡರು. ಒಬ್ಬನು ಲೇಖನವನ್ನೋದುವುದು, ಉಳಿದವರು ಅದನ್ನು ಖಂಡಿಸುವುದು, ಇದೇ ಅವುಗಳ ಮುಖ್ಯ ಕಾರ್ಯ. ಶತಮಾನದ ಉತ್ತರಾರ್ಧದಲ್ಲಿ ಪಾರ್ಲಿಮೆಂಟನ್ನೇ ಅನುಕರಿಸಿ, ಮಂತ್ರಿಮಂಡಲ, ಪ್ರತಿಪಕ್ಷ, ಸ್ಪೀಕರರುಗಳನ್ನು ನೇಮಿಸಿಕೊಂಡು ಚರ್ಚಿಸುವ ಊರಪಾರ್ಲಿಮೆಂಟುಗಳು ಎದ್ದವು. ಕಬ್ಬಿಣದ ವ್ಯಾಪಾರಿಯಾಗಿದ್ದ ಬೋನರ್ ಲಾ ಗ್ಲಾಸ್ಗೋ ನಗರದ ಇಂಥದೊಂದು ಕೂಟದಲ್ಲಿ ವರ್ಷಗಟ್ಟಲೆ ಮಾತಾಡಿ ಪಳಗಿದನು. ೧೯೨೨ರಲ್ಲಿ ಅವನು ನಿಜವಾದ ಪಾರ್ಲಿಮೆಂಟಿನ ಪ್ರಧಾನಮಂತ್ರಿಯಾದನು. ಅವನು ಯಾವ ವಿಶ್ವವಿದ್ಯಾಲಯದ ಪದವೀಧರನೂ ಅಲ್ಲ.

ಇವೆಲ್ಲಕ್ಕಿಂತ ಸ್ಮರಣೀಯವಾದುದು ಎಡಿನ್‌ಬರೋ ನಗರದ ಒಂದು ಊಟದ ಕೋಣೆಯ ಕೂಟ. ೧೮೬೫ರಲ್ಲಿ ಸಾರಾ ಮೇರ್ ಎಂಬ ಹತ್ತೊಂಬತ್ತು ವರ್ಷದ ಕನ್ಯೆಯು ತನ್ನ ಗೆಳತಿಯರನ್ನು ತಂದೆಯ ಮನೆಗೆ ಕರೆದು ಒಂದು ಸಾಹಿತ್ಯಸಂಘವನ್ನು ಆರಂಭಿಸಿದಳು. ಅವಳು ಪ್ರಸಿದ್ಧ ನಟಿ ಸಾರಾ ಸಿಡನ್ಸಳ ಮರಿಮಗಳು. ಹೆಣ್ಣುಮಕ್ಕಳಿಗೆ ಆಗ ಆ ನಗರದ ವಿಶ್ವವಿದ್ಯಾಲಯದಲ್ಲಿ ಪದವಿಗಾಗಿ ಓದುವ ಅವಕಾಶವಿರಲಿಲ್ಲ. ಸಭೆಯಲ್ಲಿ ಎದ್ದುನಿಂತು ಮಾತಾಡುವುದು ಕುಲಸ್ತ್ರೀಯರಿಗೆ ಒಪ್ಪತಕ್ಕುದಲ್ಲವೆಂಬ ಭಾವನೆ ಬಲವಾಗಿತ್ತು. ತಿಂಗಳಿಗೊಮ್ಮೆ ಶನಿವಾರ ಸೇರುತ್ತಿದ್ದ ಈ ಕೂಟವು ಮುಂದೆ ಎಡಿನ್‌ಬರೋ ಮಹಿಳೆಯರ ಚರ್ಚಾಸಂಘವೆಂದು ಹೆಸರಾಯಿತು. ಹೆಂಗಸರಿಗೆ ಮತದಾನದ ಹಕ್ಕು ಇರಬೇಕೇ ಎಂಬ ಪ್ರಶ್ನೆಯನ್ನು ಇದು ಹಲವು ಸಲ ಚರ್ಚೆಗೆ ತೆಗೆದುಕೊಂಡಿತು. ಆರಂಭದ ವರ್ಷಗಳಲ್ಲಿ ಬೇಡವೆಂಬ ಪಕ್ಷಕ್ಕೇ ಬಹುಮತ ಬಂದಿತು! ಅದೇ ಊಟದ ಕೋಣೆಯಲ್ಲಿ, ಅದೇ ಬಗೆಯ ಹೆಂಗಸರು ವರ್ಷಗಳ ಬಳಿಕ ಬೇಕೆಂದು ಕೈಯೆತ್ತಿದರು. ಹೊರಗಿನಿಂದ ಯಾರೂ ಬಂದು ಅವರಿಗೆ ಬೋಧಿಸಿದುದಲ್ಲ. ತಾವೇ ಮಾತಾಡಿ, ತಾವೇ ಕೇಳಿ, ತಮ್ಮ ಮನಸ್ಸನ್ನು ತಾವೇ ಬದಲಿಸಿಕೊಂಡುದು. ಈ ಸಂಘದ ಸದಸ್ಯೆಯರು ಹೆಣ್ಣುಮಕ್ಕಳ ಶಾಲೆಗಳಿಗಾಗಿಯೂ ವಿಶ್ವವಿದ್ಯಾಲಯದ ಬಾಗಿಲು ತೆರೆಸುವುದಕ್ಕಾಗಿಯೂ ದುಡಿದರು. ಸಾರಾ ಮೇರ್ ಎಪ್ಪತ್ತು ವರ್ಷಗಳ ಕಾಲ ಇದರ ಅಧ್ಯಕ್ಷೆಯಾಗಿದ್ದು, ೧೯೩೫ರಲ್ಲಿ ಸಂಘವು ಮುಗಿಯುವುದನ್ನೂ ಕಂಡು, ೧೯೪೧ರಲ್ಲಿ ತೀರಿಕೊಂಡಳು.

ಎಡಿನ್‌ಬರೋ ಎಂದೊಡನೆ ಇನ್ನೊಂದು ಸಂಗತಿಯೂ ನೆನಪಿಗೆ ಬರುವಂತಿದೆ. ೧೭೬೧ರಲ್ಲಿ ಐರಿಷ್ ನಟನಾದ ಥಾಮಸ್ ಶೆರಿಡನ್ ಅಲ್ಲಿಗೆ ಬಂದು ಉಚ್ಚಾರವಿದ್ಯೆಯ ಮೇಲೆ ಉಪನ್ಯಾಸಗಳನ್ನು ಕೊಟ್ಟನು. ಅವಕ್ಕೆ ಮರುಳಾದ ಆ ನಗರದ ಪಂಡಿತರು, ಸ್ಕಾಟ್ಲೆಂಡಿನಲ್ಲಿ ಇಂಗ್ಲಿಷನ್ನು ಓದುವುದನ್ನೂ ಮಾತಾಡುವುದನ್ನೂ ಪ್ರೋತ್ಸಾಹಿಸುವ ಸಂಘವೊಂದನ್ನು ಅದೇ ವರ್ಷ ಕಟ್ಟಿದರು. ತಮ್ಮ ತಾಯ್ನುಡಿಯ ಕಾಕುವನ್ನು ಒರಸಿ ಲಂಡನ್ನಿನ ಉಚ್ಚಾರವನ್ನು ಹಚ್ಚಿಕೊಳ್ಳಬೇಕೆಂಬುದೇ ಉದ್ದೇಶ. ಊರವರ ನಗೆಗೀಡಾಗಿ ಸಂಘವು ಕೆಲವೇ ವರ್ಷಗಳಲ್ಲಿ ಇಲ್ಲವಾಯಿತು. ತನ್ನ ಮಾತನ್ನು ಆಡಲು ಕಲಿಸುವ ಕೂಟವೊಂದು, ಇನ್ನೊಬ್ಬರ ಮಾತಿನಂತೆ ಆಡಲು ಕಲಿಸುವ ಕೂಟವೊಂದು. ಇವೆರಡಕ್ಕೂ ಇರುವ ಅಂತರವನ್ನು ಮುಂದಿನ ಕಥೆಯಲ್ಲಿಯೂ ಮರೆಯಲಾಗದು.

ಇಂಗ್ಲಿಷ್ ಸ್ಪೀಕಿಂಗ್ ಯೂನಿಯನ್ನಿನ ಸ್ಥಾಪಕನಾದ ಎವೆಲಿನ್ ರೆಂಚ್ ೧೮೮೨ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದನು. ಈಟನ್ ಶಾಲೆಯನ್ನು ಬಿಟ್ಟೊಡನೆ, ಇನ್ನೂ ಇಪ್ಪತ್ತು ತುಂಬುವ ಮುನ್ನವೇ, ಚಿತ್ರದ ಅಂಚೆಕಾರ್ಡುಗಳ ವ್ಯಾಪಾರಕ್ಕಿಳಿದು ನಾಲ್ಕೇ ವರ್ಷಗಳೊಳಗೆ ಏರಿ ಬಿದ್ದವನು. ಲಾರ್ಡ್ ನಾರ್ತ್‌ಕ್ಲಿಫನ ಪತ್ರಿಕಾಕಚೇರಿಯಲ್ಲಿ ಆಮೇಲೆ ಕೆಲಸ. ೧೯೧೦ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಹೊರನಾಡುಗಳಲ್ಲಿ ನೆಲಸಿದವರಿಗಾಗಿ ಒಂದು ಸಂಘವನ್ನು ಕಟ್ಟಿದನು. ಎರಡನೆಯದೇ ಇದು. ಮೊದಲನೆಯ ಮಹಾಯುದ್ಧವು ಇನ್ನೂ ಮುಗಿಯದಿದ್ದಾಗ, ೧೯೧೮ನೆಯ ಜೂನ್ ೨೮ರಂದು, ಬೆರಳೆಣಿಕೆಯ ಮಿತ್ರರೊಡನೆ ಕೂಡಿ ಇದನ್ನು ಆರಂಭಿಸಿದನು. ಇಂಗ್ಲಿಷನ್ನಾಡುವ ಜನಾಂಗಗಳು, ಮುಖ್ಯವಾಗಿ ಬ್ರಿಟನ್ನು ಮತ್ತು ಅಮೆರಿಕಗಳು, ಒಂದನ್ನೊಂದು ಅರಿತುಕೊಂಡರೆ ಜಗತ್ತಿನ ಶಾಂತಿಗೆ ಅನುಕೂಲವೆಂಬುದು ಅವನ ನಂಬಿಕೆ. ಸಂಘವು ಬೇಗ ಬೆಳೆಯಿತು. ೧೯೨೦ರಲ್ಲಿ ಅಮೆರಿಕದಲ್ಲಿ ಅದರ ಸಹೋದರ ಸಂಸ್ಥೆ ಹುಟ್ಟಿತು. ೧೯೨೧ರಿಂದ ೧೯೨೫ರವರೆಗೆ ವಿನ್ಸ್‌ಟನ್ ಚರ್ಚಿಲ್ ಬ್ರಿಟನ್ನಿನ ಸಂಘದ ಅಧ್ಯಕ್ಷನಾಗಿದ್ದನು. ೧೯೨೬ರಲ್ಲಿ ಲಂಡನ್ನಿನ ಮೇಫೇರ್ ಭಾಗದ ಡಾರ್ಟ್‌ಮತ್ ಹೌಸ್ ಎಂಬ ವೈಭವದ ಮನೆಯನ್ನು ಕೊಂಡಿತು. ಅಮೆರಿಕದ ರಾಯಭಾರಿಯಾಗಿದ್ದ ವಾಲ್ಟರ್ ಹೈನ್ಸ್ ಪೇಜನ ಸ್ಮಾರಕವಾಗಿ ಉಪಾಧ್ಯಾಯರಿಗೆ ಅಮೆರಿಕಯಾತ್ರೆಯ ವೇತನಗಳು, ೧೯೨೮ರಿಂದ ಎರಡು ದೇಶಗಳ ಶಾಲೆಗಳ ನಡುವೆ ವಿದ್ಯಾರ್ಥಿಗಳ ವಿನಿಮಯ, ಊರೂರ ಶಾಖೆಗಳಲ್ಲಿ ಭೋಜನಕೂಟಗಳು, ಅತಿಥಿಗಳ ಉಪನ್ಯಾಸಗಳು. ಇವು ಆ ಕಾಲದ ಕಾರ್ಯಗಳು. ಮಾತುಗಾರಿಕೆಯನ್ನು ಕಲಿಸುವ ವಿಚಾರವು ಆಗ ಸಂಘದ ಮುಂದಿರಲಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಹೆಸರಿನಲ್ಲಿದ್ದ ‘ಸ್ಪೀಕಿಂಗ್’ ಎಂಬುದು ಭಾಷೆಯ ಗುರುತು ಮಾತ್ರವಾಗಿದ್ದಿತು.

ಒಂದೇ ನುಡಿಯನ್ನಾಡುವವರ ಸ್ನೇಹವೆಂಬ ಆ ಆದರ್ಶದಲ್ಲಿ ಒಂದು ಕುರುಡೂ ಇದ್ದಿತೆಂದು ಹೇಳದೆ ವಿಧಿಯಿಲ್ಲ. ರೆಂಚನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದು, ೧೯೪೨ರಿಂದ ೧೯೪೪ರವರೆಗೆ ಇಲ್ಲಿಯ ಸರಕಾರದ ಕೈಕೆಳಗೆ ಅಮೆರಿಕನ್ನರೊಡನೆ ಸಂಬಂಧವನ್ನು ನೋಡಿಕೊಳ್ಳುವ ಅಧಿಕಾರಿಯಾಗಿ ಕೆಲಸ ಮಾಡಿದನು. ಅದೇ ೧೯೪೨ರ ಆಗಸ್ಟಿನಲ್ಲಿ ಬ್ರಿಟಿಷರು ಭಾರತವನ್ನು ಬಿಟ್ಟು ತೊಲಗಬೇಕೆಂದು ಸಭೆಗಳಲ್ಲಿ ಮಾತಾಡಿದವರು ದೇಶದಾದ್ಯಂತ ಸೆರೆಮನೆ ಸೇರಿದರು. ಕರ್ನಾಟಕದ ಜಿಲ್ಲೆಗಳೂ ಇದಕ್ಕೆ ಹೊರತಾಗಿರಲಿಲ್ಲ. ೧೭೯೫ರಲ್ಲಿ ಲಂಡನ್ನಿನ ಚಮ್ಮಾರನಿಗೆ ಆದುದು ಇಲ್ಲಿ ನೂರೈವತ್ತು ವರ್ಷಗಳ ಬಳಿಕವೂ ನಡೆದಿತ್ತು. ರೆಂಚನು ಸ್ವಭಾವದಿಂದ ಸೌಜನ್ಯಶಾಲಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಭಾಷೆಯೊಂದರ ಮೈತ್ರಿಯು ಆ ಭಾಷೆಯಲ್ಲಿಯೇ ‘ಹೊರಡಿರಿ’ ಎಂದವರಿಗೆ ಸಲ್ಲುತ್ತಿರಲಿಲ್ಲ.

ಸಾಮ್ರಾಜ್ಯವು ಕರಗಿದ ಬಳಿಕವೇ ಸಂಘದ ದೃಷ್ಟಿ ಹೊರಳಿದುದು. ಅದೇ ದಶಕದಲ್ಲಿ ಬ್ರಿಟನ್ನಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೊಸ ಜೀವ ಬಂದಿತು. ‘ಅಬ್ಸರ್ವರ್’ ಪತ್ರಿಕೆಯ ಕೆನೆತ್ ಹ್ಯಾರಿಸ್ ೧೯೫೪ರಲ್ಲಿ ವಿಶ್ವವಿದ್ಯಾಲಯಗಳಿಗಾಗಿ, ೧೯೫೭ರಲ್ಲಿ ಶಾಲೆಗಳಿಗಾಗಿ ಒಂದೊಂದು ಚರ್ಚಾಸ್ಪರ್ಧೆಯನ್ನು ಏರ್ಪಡಿಸಿದನು. ಗೆದ್ದವರಿಗೆ ದೊರೆಯುವುದು ಪಾರ್ಲಿಮೆಂಟಿನ ರಾಜದಂಡದಂಥ ದಂಡವಾದುದರಿಂದ ಇವಕ್ಕೆ ‘ಮೇಸ್’ ಎಂಬ ಹೆಸರು. ೧೯೬೨ರಲ್ಲಿ ವಿಶ್ವವಿದ್ಯಾಲಯಗಳ ಮೇಸನ್ನು ಗೆದ್ದ ಗ್ಲಾಸ್ಗೋ ತಂಡದಲ್ಲಿ ಜಾನ್ ಸ್ಮಿತ್ ಎಂಬ ತರುಣನಿದ್ದನು. ಅವನು ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಆರ್ಡ್ರಿಶೇಗ್ ಎಂಬ ಹಳ್ಳಿಯ ಶಾಲೆಯ ಹೆಡ್‌ಮಾಸ್ತರನ ಮಗ. ಹೆಚ್ಚಿನ ಓದಿಗೆ ದೂರದ ಡನೂನ್ ಪಟ್ಟಣಕ್ಕೆ ಹೋಗಿ, ಬಿಡಾರದಲ್ಲಿದ್ದು ಕಲಿತವನು. ೧೯೯೨ರಲ್ಲಿ ಮಜೂರಪಕ್ಷದ ನಾಯಕನಾದ ಅವನು ಪ್ರಧಾನಿಯಾಗುವುದು ಬಹುತೇಕ ನಿಶ್ಚಿತವೆಂದು ಜನರು ಎಣಿಸುತ್ತಿದ್ದಾಗಲೇ ೧೯೯೪ರಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಮರುವರ್ಷ ಆ ಸ್ಪರ್ಧೆಗೆ ಅವನ ಹೆಸರನ್ನಿಟ್ಟರು. ಅಂದಿನಿಂದ ಅದರ ಆಡಳಿತವೂ ಇಂಗ್ಲಿಷ್ ಸ್ಪೀಕಿಂಗ್ ಯೂನಿಯನ್ನಿನ ಪಾಲಿಗೆ ಬಂದಿತು. ಶಾಲೆಗಳ ಮೇಸಿನ ಕಟ್ಟಳೆ ಭಾಷಣಸ್ಪರ್ಧೆಗಿಂತ ಬಿರುಸಾದುದು: ಒಂದೊಂದು ಪಕ್ಷಕ್ಕೆ ಇಬ್ಬಿಬ್ಬರು, ತಲೆಗೆ ಏಳು ನಿಮಿಷ. ಮೊದಲ ನಿಮಿಷ ಮತ್ತು ಕಡೆಯ ನಿಮಿಷಗಳನ್ನುಳಿದು ನಡುವೆ ಎದುರಾಳಿಯು ಎದ್ದುನಿಂತು ಅಡ್ಡಪ್ರಶ್ನೆ ಹಾಕಲು ಅಪ್ಪಣೆ ಕೇಳಬಹುದು. ಕೊಡುವುದೂ ಬಿಡುವುದೂ ಮಾತಾಡುವವನ ಇಚ್ಛೆ. ಒಂದನ್ನೂ ಒಪ್ಪಿಕೊಳ್ಳದವನು ಅಂಜಿದನೆಂದೇ ಸಭೆಯು ಎಣಿಸುತ್ತದೆ.

ಇಷ್ಟೆಲ್ಲ ಸ್ಪರ್ಧೆಗಳ ಭಾರವನ್ನು ಹೊರುವುದು ಕೇಂದ್ರ ಕಚೇರಿಯೆಂದು ತಿಳಿಯುವುದು ಸಹಜ. ವಸ್ತುತಃ ಮೊದಲ ಸುತ್ತು ನಿಂತಿರುವುದು ಊರಶಾಖೆಗಳ ಮೇಲೆ. ಶಾಖೆಯೆಂದರೆ ಸ್ವಂತ ಕಟ್ಟಡವಾಗಲಿ ಸಂಬಳದ ನೌಕರರಾಗಲಿ ಇರುವಂಥದೇನಲ್ಲ. ಒಬ್ಬ ಅಧ್ಯಕ್ಷ, ಒಬ್ಬ ಕಾರ್ಯದರ್ಶಿ, ಒಬ್ಬ ಖಜಾನೆದಾರ, ಇವರ ಸುತ್ತ ಕೆಲವು ಸದಸ್ಯರು. ಕೆಲಸದಿಂದ ನಿವೃತ್ತರಾದ ಉಪಾಧ್ಯಾಯರು, ವಕೀಲರು, ಅಧಿಕಾರಿಗಳು ಇಂಥ ಮಂಡಲಿಗಳಲ್ಲಿ ಹೆಚ್ಚು. ವರ್ಷದಲ್ಲಿ ಕೆಲವು ಭೋಜನಗಳು, ಒಬ್ಬ ಅತಿಥಿಯ ಉಪನ್ಯಾಸ, ಪರದೇಶದಿಂದ ಬಂದ ವಿದ್ಯಾರ್ಥಿಗಳಿಗೆ ಆತಿಥ್ಯ, ಇಷ್ಟು ತಮಗಾಗಿ. ಶಾಲೆಗಳಿಗೆ ಪತ್ರ ಬರೆಯುವುದು, ಸಭಾಂಗಣವನ್ನು ಗೊತ್ತುಮಾಡುವುದು, ತೀರ್ಪುಗಾರರನ್ನು ಒಪ್ಪಿಸುವುದು, ನಿಮಿಷಗಳನ್ನು ಎಣಿಸಲು ಒಬ್ಬರನ್ನು ಗಡಿಯಾರದ ಮುಂದೆ ಕೂಡಿಸುವುದು, ಇವು ಮಕ್ಕಳಿಗಾಗಿ. ಇಂಗ್ಲೆಂಡಿನ ಧರ್ಮಾರ್ಥ ಸಂಸ್ಥೆಗಳ ಕಾನೂನು ೨೦೦೬ರಿಂದೀಚೆಗೆ ಬಿಗಿಯಾಗಿ, ಸಂಸ್ಥೆಯ ಕೆಲಸವು ಸಾರ್ವಜನಿಕರಿಗೆ ಪ್ರಯೋಜನಕಾರಿಯೆಂಬುದನ್ನು ಸಂಸ್ಥೆಯೇ ತೋರಿಸಿಕೊಡಬೇಕೆಂದು ವಿಧಿಸಿದೆ. ಸದಸ್ಯರ ಭೋಜನಗಳಿಂದ ಅದನ್ನು ತೋರಿಸಲಾಗದು. ಊರಶಾಲೆಯ ಹುಡುಗಿಯೊಬ್ಬಳು ವೇದಿಕೆಯ ಮೇಲೆ ನಿಂತು ಆಡಿದ ಐದು ನಿಮಿಷದ ಮಾತಿನಿಂದ ತೋರಿಸಬಹುದು.

ಇಲ್ಲೊಂದು ತೊಡಕೂ ಉಂಟು. ದೊಡ್ಡ ಶುಲ್ಕವನ್ನು ತೆಗೆದುಕೊಳ್ಳುವ ಖಾಸಗಿ ಶಾಲೆಗಳಲ್ಲಿ ಚರ್ಚಾಕೂಟಗಳು ತಲೆಮಾರುಗಳಿಂದ ಬೇರೂರಿವೆ. ಅಲ್ಲಿಯ ಮಕ್ಕಳು ಸಭೆಯ ಅಂಜಿಕೆಯನ್ನು ಎಂದೋ ಕಳೆದುಕೊಂಡಿರುತ್ತಾರೆ. ಸರಕಾರಿ ಶಾಲೆಗಳಲ್ಲಿ ಹಲವು ಕಡೆ ಇದಕ್ಕೆ ಹೊತ್ತೂ ಇಲ್ಲ, ಕಲಿಸುವವರೂ ಇಲ್ಲ. ಇವರಿಬ್ಬರೂ ಒಂದೇ ವೇದಿಕೆಯ ಮೇಲೆ ಎದುರಾದಾಗ ಫಲಿತಾಂಶವನ್ನು ಊಹಿಸುವುದು ಕಷ್ಟವಲ್ಲ. ಹಣವುಳ್ಳವರ ಆಟವೆಂದು ಈ ಸ್ಪರ್ಧೆಗಳನ್ನು ಟೀಕಿಸುವವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಸಂಘವೇ ಇದನ್ನು ಅರಿತು, ಸ್ಪರ್ಧೆಯ ಹೊರಗೆ ಸರಕಾರಿ ಶಾಲೆಗಳಿಗೆ ಹೋಗಿ ಮಾತು ಮತ್ತು ಚರ್ಚೆಗಳನ್ನು ಕಲಿಸುವ ಶಿಬಿರಗಳನ್ನು ಏರ್ಪಡಿಸಿದೆ. ಆದರೂ ಶಾಲೆಯೊಂದನ್ನು ಮೊದಲ ಸಲ ಒಳಗೆ ತರುವುದು ಕೇಂದ್ರದ ಸುತ್ತೋಲೆಯಲ್ಲ. ಆ ಶಾಲೆಯ ಹಾದಿಯನ್ನು ಬಲ್ಲ, ಅಲ್ಲಿಯ ಒಬ್ಬ ಉಪಾಧ್ಯಾಯಿನಿಯ ಹೆಸರನ್ನು ಬಲ್ಲ ಶಾಖೆಯ ಕಾರ್ಯದರ್ಶಿ. ಲಂಡನ್ನಿಗೆ ಹೋಗಿ ಮಾತಾಡೆಂದರೆ ಹಿಂಜರಿಯುವ ಮಗುವು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯ ಊರಿಗೆ ಬರಲು ಒಪ್ಪೀತು. ೨೦೨೦ರ ಮಹಾಮಾರಿಯು ಸಭಾಂಗಣಗಳನ್ನೆಲ್ಲ ಮುಚ್ಚಿಸಿದಾಗ ಸ್ಪರ್ಧೆಗಳು ಗಣಕಯಂತ್ರದ ತೆರೆಯ ಮೇಲೆ ನಡೆದುವು. ಮಾತೇನೋ ನಡೆಯಿತು, ಎದುರಿಗೆ ಕುಳಿತವರ ಮುಖವು ಬದಲಾಗುವುದನ್ನು ನೋಡುತ್ತ ಮಾತಾಡುವುದು ಮಾತ್ರ ತಪ್ಪಿತು.

ತೀರ್ಪು ಬಂದ ಬಳಿಕ ಗೆದ್ದ ತಂಡದ ಹೆಸರು ಪ್ರಾಂತದ ಸುತ್ತಿಗೆ ಹೋಗುತ್ತದೆ. ಸೋತ ಮಕ್ಕಳು ತೀರ್ಪುಗಾರರ ಬಳಿಗೆ ಬಂದು ತಾವು ಎಲ್ಲಿ ತಪ್ಪಿದೆವೆಂದು ಕೇಳುವುದುಂಟು. ಹಿರಿಯರು ಕೈಯಲ್ಲಿನ ಟಿಪ್ಪಣಿಯ ಹಾಳೆಯನ್ನು ನೋಡಿ, ಮೊದಲ ಪ್ರಶ್ನೆಗೆ ಉತ್ತರ ಹೇಳುವ ಮುನ್ನ ಪ್ರಶ್ನೆಯನ್ನು ಪೂರ್ತಿ ಕೇಳಿರಲಿಲ್ಲವೆಂದೋ, ನಾಲ್ಕನೆಯ ನಿಮಿಷದಲ್ಲಿ ಹೇಳಿದುದನ್ನು ಮೊದಲನೆಯ ನಿಮಿಷದಲ್ಲಿ ಹೇಳಬೇಕಾಗಿತ್ತೆಂದೋ ತಿಳಿಸುತ್ತಾರೆ. ಅಷ್ಟರಲ್ಲಿ ಶಾಖೆಯ ಸದಸ್ಯರು ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿರುತ್ತಾರೆ. ಸಭಾಂಗಣವನ್ನು ಒಂಬತ್ತು ಗಂಟೆಗೆ ಬಿಟ್ಟುಕೊಡಬೇಕು.